ಬಂಗಾರದ ಕೂದಲಿನ ಕರಿ ತಿಗಣೆ

ಒಂದು ಹುಳದಿಂದ ನನ್ನ ಹೆಸರು ಶಾಶ್ವತವಾಗುತ್ತದೆ ಎಂಬ ವಿಷಯದಲ್ಲಿ ಚಳ್ಳಕೆರೆಯ ಎಲ್ಲರಿಗೂ ಅನುಮಾನವಿತ್ತು. ನನಗೆ ಮಾತ್ರ ಇರಲಿಲ್ಲ!

ನಾನಾಗ ಅಲ್ಲಿನ ಶಾಲೆಯ ಮೇಷ್ಟ್ರು. ಕಡಲೆಕಾಯಿ ಹೊಲ ನೋಡಲು ಬೆಂಗಳೂರಿನಿಂದ ಸಾಹೇಬರೊಬ್ಬರು ಬಂದಿದ್ದರು. ಮಣ್ಣಿನೊಳಗೆ ಬಿಲ ಕೊರೆದುಕೊಂಡು ಕಾಯಿಯ ರಸ ಹೀರುವ ಕರಿ ತಿಗಣೆಯೊಂದಿದೆಯಲ್ಲ, ಅದರ ಮೇಲೆ ಅವರ ಕಣ್ಣು. "ನೋಡಿ ಮೇಷ್ಟ್ರೇ, ಬೇರೆ ಸೀಮೆಯಲ್ಲಿ ಇದರ ಕಾಲು, ಮೀಸೆ, ಬೆನ್ನು ಬೇರೆ ಥರ ಕಂಡರೆ ಅದು ಹೊಸ ಉಪಜಾತಿ. ಕಂಡುಹಿಡಿದವರ ಹೆಸರನ್ನೇ ಇಡಬಹುದು" ಎಂದರು. ನನಗೊಂದು ಭೂತಗನ್ನಡಿ ಕೊಟ್ಟು, ತಿರುಗಿ ಬರುವಾಗ ನೋಡುತ್ತೇನೆಂದು ಮುಂದಿನ ಊರಿಗೆ ಹೋದರು.

ತಾತನ ಹೆಸರು ಮೊಮ್ಮಗನಿಗೆ ಬರುವುದು ನಮ್ಮ ಮನೆತನದ ಪದ್ಧತಿ. ತಿಪ್ಪೇರುದ್ರಪ್ಪ ಎಂಬ ಆ ಹೆಸರು ನನ್ನವರೆಗೆ ಬಂದು ನಿಂತಿತ್ತು. ನಮಗೆ ಮಕ್ಕಳಿಲ್ಲ. ಹೆಸರು ನನ್ನ ಜೊತೆಗೇ ಮಣ್ಣಾಗುತ್ತದಲ್ಲಾ ಎಂದು ನಿಜವಾಗಿಯೂ ಸಂಕಟವಾಗುತ್ತಿತ್ತು. ಮೊಮ್ಮಗನಿಲ್ಲದಿದ್ದರೆ ಬೇಡ, ತಿಗಣೆಯೇ ನಮ್ಮ ಹೆಸರು ಉಳಿಸಲಿ!

ಹೆಂಡತಿ ಗೌರಮ್ಮನಿಗೆ ಹೇಳಿದೆ.

"ಹುಳಕ್ಕೆ ನಿಮ್ಮ ಹೆಸ್ರಾ? ಗಂಡನ ಹೆಸ್ರು ನಾನು ಬಾಯಾಗೆ ಹೇಳಂಗಿಲ್ಲ. ನಾಳೆ ಅದು ನನ್ನ ಮೈಮ್ಯಾಲೆ ಹತ್ತಿದ್ರೆ ಏನಂತ ಕೂಗ್ಲಿ?"

ಶಾಸ್ತ್ರ ಗೊತ್ತಿಲ್ಲದವರ ಜೊತೆ ವಾದ ಮಾಡಬಾರದು.

ಅದೇ ವಾರ ಅವಳ ತವರು ಮೊಳಕಾಲ್ಮೂರಿಗೆ ಹೋದೆವು. ತಮ್ಮನ ಮದುವೆಗೆ ಉಟ್ಟುಕೊಳ್ಳಲೆಂದು ಆಗತಾನೇ ಮಗ್ಗದಿಂದ ಇಳಿಸಿದ ಜರಿ ಸೀರೆ ಕೊಟ್ಟರು. ಬರುವಾಗ ಬಿ.ಜಿ. ಕೆರೆಯ ಹತ್ತಿರ ಎತ್ತುಗಳಿಗೆ ನೀರು ಕುಡಿಸಲು ಗಾಡಿ ನಿಂತಿತು. ನಾನು ಕಡಲೆಕಾಯಿ ಹೊಲಕ್ಕಿಳಿದು ಗಿಡದ ಬುಡ ಕೆದಕಿ, ಒಂದು ಹಿಡಿ ಹುಳ ಹಿಡಿದು ಎಲೆಯಡಿಕೆ ಚೀಲಕ್ಕೆ ತುಂಬಿದೆ. ಗಾಡಿಯ ಕುಲುಕಾಟಕ್ಕೆ ಜಜ್ಜಿಹೋದರೆ? ಮೆತ್ತಗಿರಲಿ ಎಂದು ಹೆಂಡತಿ ಕಾಣದಂತೆ ಸೀರೆಯ ಗಂಟಿನೊಳಗೆ ತೂರಿಸಿದೆ. ಎಂಥ ಬುದ್ಧಿ!

ಮನೆಗೆ ಬಂದು ನೋಡಿದರೆ ಚೀಲದ ಬಾಯಿ ಬಿಚ್ಚಿತ್ತು. ಮಣ್ಣು ಕೊರೆಯುವ ಹುಳಕ್ಕೆ ಸೀರೆ ಯಾವ ಲೆಕ್ಕ? ಎಲ್ಲವೂ ಮಡಿಕೆಯೊಳಗೆ ಹೊಕ್ಕು ಸಂಸಾರ ಹೂಡಿದ್ದವು. ಗೌರಮ್ಮ ಕೈಕಾಲು ತೊಳೆದು ಬರುವಷ್ಟರಲ್ಲಿ ಅವನ್ನು ಕಿತ್ತು ಕಿತ್ತು ಬೆಂಕಿಪೊಟ್ಟಣಕ್ಕೆ ಹಾಕಿ, ಸೀರೆಯನ್ನು ಪೆಟ್ಟಿಗೆಯಲ್ಲಿ ಮಡಿಸಿಟ್ಟೆ.

ಆಮೇಲೆ ಭೂತಗನ್ನಡಿ ಹಿಡಿದೆ. ಶಿವನೇ! ಚಳ್ಳಕೆರೆಯ ಹುಳದ ಹಿಂಗಾಲಿನಲ್ಲಿ ಬರೀ ಮುಳ್ಳು. ಈ ಹುಳದ ಮುಳ್ಳುಗಳ ನಡುವೆ ಥಳಥಳ ಹೊಳೆಯುವ ಬಂಗಾರದ ಕೂದಲು! ಒಂದಕ್ಕಲ್ಲ, ಎಲ್ಲಕ್ಕೂ!

ಪಕ್ಕದ ಮನೆಯ ಗಾಣದ ಬಸಣ್ಣನಿಗೆ ತೋರಿಸಿದೆ. ಅವನು ಇಣುಕಿ ನೋಡಿ, "ಲೇ ತಿಪ್ಪಾ, ಹುಳಾನೂ ಬಂಗಾರ ಹಾಕ್ಕಂಡೈತಲ್ಲೋ! ನನ್ನ ಹೆಂಡ್ತಿಗೆ ಮಾತ್ರ ತೋರಿಸ್ಬ್ಯಾಡ ಮಾರಾಯ" ಎಂದ. ಸಂಜೆಯೊಳಗೆ ಪೇಟೆಗೆಲ್ಲ ಸುದ್ದಿ ಹಬ್ಬಿತು.

ಸಾಹೇಬರು ಬಂದ ದಿನ ನಮ್ಮ ಜಗಲಿ ತುಂಬ ಜನ. ನಾನು ರುಮಾಲು ಸುತ್ತಿ ನಿಂತು, "ಸದರಿ ಕೀಟವು ಅಂಗರಚನೆಯಿಂದ ಪ್ರತ್ಯೇಕ ಉಪಜಾತಿಯೆಂಬುದು ನಿರ್ವಿವಾದ" ಎಂದು ಅರಿಕೆ ಮಾಡಿದೆ. ಸಾಹೇಬರು ಚಿಮಟದಿಂದ ಆ ಕೂದಲು ಹಿಡಿದು ಎಳೆದರು. ಬಂತು. ಇನ್ನೂ ಎಳೆದರು. ಇನ್ನೂ ಬಂತು. ಹುಳಕ್ಕಿಂತ ಕೂದಲೇ ಉದ್ದವಾಯಿತು!

"ಮೇಷ್ಟ್ರೇ, ಇದು ಜರಿ ಅಲ್ಲವೇ?"

ಬಾಗಿಲ ಹಿಂದೆ ನಿಂತಿದ್ದ ಗೌರಮ್ಮ ಒಳಗೆ ಓಡಿದಳು. ಪೆಟ್ಟಿಗೆ ತೆರೆದ ಸದ್ದಾಯಿತು. ಆಮೇಲೆ ಕೂಗು.

"ಅಯ್ಯಯ್ಯೋ, ನನ್ನ ಸೀರೆ! ಸೆರಗಿನ ಎಳೆಯೆಲ್ಲ ಕಿತ್ತು ಬಂದೈತೆ! ತಿಗಣೆ ನಾತ ಹೊಡೀತೈತೆ! ತಮ್ಮನ ಮದ್ವೆಗೆ ಏನು ಉಟ್ಕಂಡು ಹೋಗ್ಲಿ?"

ಸಾಹೇಬರು ನಗು ತಡೆಯಲು ಕೆಮ್ಮಿದರು. ಜಗಲಿಯ ಜನ ಅಷ್ಟು ಮರ್ಯಾದೆಯನ್ನೂ ತೋರಿಸಲಿಲ್ಲ.

ಮದುವೆಗೆ ಅವಳು ಹಳೇ ಸೀರೆ ಉಟ್ಟು ಹೊರಟಳು. ದಾರಿಯುದ್ದಕ್ಕೂ ಮಾತಿಲ್ಲ. ಹೆಸರು ಹೋದದ್ದಕ್ಕಿಂತ ನನಗೆ ಅದಕ್ಕೇ ಹೆಚ್ಚು ನೋವಾಯಿತು. ಅಷ್ಟರಲ್ಲಿ ನನ್ನ ಹೆಸರು ಹುಳಕ್ಕೆ ಬರುವ ಬದಲು ಹುಳದ ಹೆಸರೇ ನನಗೆ ಬಂದಿತ್ತು. ಊರಿಗೆ ಊರೇ ನನ್ನನ್ನು ತಿಗಣೆ ಮೇಷ್ಟ್ರು ಎನ್ನುತ್ತಿತ್ತು. ಗಂಡನ ಹೆಸರು ಹೇಳಬಾರದೆಂದು ಇಷ್ಟು ವರ್ಷ "ಏನ್ರೀ, ಕೇಳಿಸ್ತೇನ್ರೀ" ಎಂದು ಒದ್ದಾಡುತ್ತಿದ್ದ ಗೌರಮ್ಮನಿಗೆ ಇದರಿಂದ ಬಹಳ ಅನುಕೂಲವಾಯಿತು. ಮದುವೆಮನೆಯಲ್ಲಿ ಬೀಗರೆಲ್ಲರ ಎದುರಿಗೇ ಕೂಗಿದಳು.

"ತಿಗಣೆ ಮೇಷ್ಟ್ರೇ, ಎಲೆ ಹಾಕವ್ರೆ, ಉಣ್ಣಾಕೆ ಬರ್ರಿ!"

ನಾನು ತಟ್ಟನೆ "ಬಂದೆ" ಎಂದೆ!