ಪಕ್ಕದ ಜಿಮ್ಮಿನ ಬಾರ್‌ಬೆಲ್ಲಿಗೆ ಕಿವಿ ಪರೀಕ್ಷಕನ ಬಿನ್ನಹ

ಮಾನ್ಯ ಬಾರ್‌ಬೆಲ್ಲರೇ,

ಗೋಡೆಯಾಚೆ ಕಬ್ಬಿಣದ ಮೈ ಹೊತ್ತು ದಿನವಿಡೀ ಏಳುತ್ತ ಬೀಳುತ್ತ ಬಾಳುತ್ತಿರುವ ತಮ್ಮ ಘನ ಸನ್ನಿಧಿಗೆ, ಗೋಡೆಯೀಚೆ ಜನರ ಕಿವಿ ಪರೀಕ್ಷಿಸಿ ಶ್ರವಣಯಂತ್ರ ಮಾರಿ ಹೊಟ್ಟೆ ಹೊರೆಯುವ ಬಡಪಾಯಿಯ ಅಡ್ಡಬಿದ್ದ ನಮಸ್ಕಾರಗಳು. ನಿಜವಾಗಿಯೂ ಅಡ್ಡಬಿದ್ದೆ, ತಾವೂ ಆಗಲೇ ಬಿದ್ದದ್ದರಿಂದ ನನ್ನ ಪಕ್ಕೆಲುಬಿಗೂ ಸುದ್ದಿ ಮುಟ್ಟಿತು.

ತಮ್ಮ ಯಜಮಾನರು ಬಲು ಸಜ್ಜನರು. ನಾನು ದೂರಿದ ಮರುದಿನವೇ ತಮ್ಮಡಿಗೆ ರಬ್ಬರು ಹಾಸಿದರು. ಅಂದಿನಿಂದ ತಮ್ಮ ‘ಠಣ್’ ಅಡಗಿ, ‘ಧಿಮ್’ ಉಳಿದಿದೆ. ಬಾಗಿಲು ಹಾಕಿದರೆ ಠಣ್ ಹೊರಗೇ ನಿಲ್ಲುತ್ತಿತ್ತು. ಧಿಮ್ ಮಾತ್ರ ಇಬ್ಬರಿಗೂ ಸೇರಿದ ನೆಲದೊಳಗೆ ನುಸುಳಿ, ನನ್ನ ಪರೀಕ್ಷಾ ಕೋಣೆಯ ದಪ್ಪ ಗೋಡೆಗಳಿಗೆ ಕ್ಯಾರೇ ಎನ್ನದೆ, ಕುರ್ಚಿಯ ಕಾಲು ಹತ್ತಿ ಕೂತವರ ಬೆನ್ನು ಸೇರುತ್ತದೆ.

ಯಂತ್ರ ಬಿಡುವ ಸದ್ದು ಕೇಳಿದರೆ ಬೆರಳೆತ್ತಬೇಕು, ಇದು ನಮ್ಮ ಪರೀಕ್ಷೆ. ಈಚೆಗೆ ನಿವೃತ್ತ ಮೇಷ್ಟ್ರೊಬ್ಬರನ್ನು ಅವರ ಹೆಂಡತಿ ಕರೆತಂದರು. ತಾವು ಬಿದ್ದಾಗಲೆಲ್ಲ ಮೇಷ್ಟ್ರು ಠೀವಿಯಿಂದ ಬೆರಳೆತ್ತಿದರು. ನನ್ನ ಯಂತ್ರವೂ ತಮ್ಮ ತಾಳಕ್ಕೇ ಸದ್ದು ಮಾಡುತ್ತಿದ್ದುದರಿಂದ, ನಾನು ನಂಬಿ ‘ಕಿವಿ ಚೆನ್ನಾಗಿದೆ’ ಎಂದು ಬರೆದು ರುಜು ಹಾಕಿದೆ. ಅಂದರೆ ಇಷ್ಟು ವರ್ಷ ಕೇಳಿಸಿಕೊಂಡೇ ಸುಮ್ಮನಿದ್ದರಲ್ಲ ಎಂದು ಆ ತಾಯಿ ಗಂಡನೊಡನೆ ಮಾತು ಬಿಟ್ಟರು. ಮೇಷ್ಟ್ರಿಗೆ ಅದೂ ಗೊತ್ತಾಗಲಿಲ್ಲ.

ಅನುಮಾನ ಬಂದು, ತಮ್ಮ ವಾರದ ರಜೆಯಂದು ಮೇಷ್ಟ್ರನ್ನು ಮತ್ತೆ ಕರೆಸಿ ಪರೀಕ್ಷಿಸಿದರೆ, ಒಂದು ಬೆರಳೂ ಏಳಲಿಲ್ಲ. ವಿಷಯ ತಿಳಿದ ಆಕೆ, “ಪಾಪ, ಬೇಕಂತ ಮಾಡಿದ್ದಲ್ಲ ಹಾಗಾದ್ರೆ” ಎಂದು ಕಣ್ಣೊರೆಸಿಕೊಂಡರು. ನಾನು ನಾಚಿ, ಶ್ರವಣಯಂತ್ರ ತಂದು ಮುಂದಿಟ್ಟೆ. ಆದರೆ ಮೇಷ್ಟ್ರು ಯಂತ್ರ ತೊಡಲೊಲ್ಲರು. ಯಾರು ಏನೇ ಅಂದರೂ ಜೇಬಿನಿಂದ ನನ್ನ ರುಜುವಿನ ಚೀಟಿಯನ್ನೇ ತೆಗೆದು ತೋರಿಸುತ್ತಾರೆ.

ಬೀಳುವುದನ್ನೇ ಬಿಡಿ ಎನ್ನುವಷ್ಟು ಒರಟ ನಾನಲ್ಲ. ಅರ್ಧ ದಾರಿಯಲ್ಲಿ ಗಾಳಿಯಲ್ಲೇ ನಿಂತು, ಈಗಲೇ ಬೀಳಬೇಕೇ ಎಂದು ಯೋಚಿಸಬಹುದಲ್ಲವೇ? ಆಗದಿದ್ದರೆ ಮೇಷ್ಟ್ರ ಮನೆಗೆ ಉರುಳಿಕೊಂಡು ಹೋಗಿ, ಅಂದು ಕೇಳಿಸಿದ್ದು ತಾವೇ ಎಂದು ಒಪ್ಪಿಕೊಂಡು ಬನ್ನಿ. ಅದೂ ಆಗದಿದ್ದರೆ, ಧಿಮ್ ಇತ್ತ ದಾಟದಂತೆ ಸ್ಪ್ರಿಂಗುಗಳ ಮೇಲೆ ತೇಲುವ ಇನ್ನೊಂದು ನೆಲ ಹಾಕಿಸುವ ಬುದ್ಧಿಯನ್ನು ಯಜಮಾನರಿಗೆ ಕರುಣಿಸಿ, ಅವರ ಕಾಲ ಮೇಲೊಮ್ಮೆ ಬಿದ್ದಾದರೂ ಸರಿ.

ತಮ್ಮ ಪ್ರತಿ ಪತನಕ್ಕೂ ಬೆಚ್ಚಿಬೀಳುವ,
ತಮ್ಮ ವಿಶ್ವಾಸಿ,
ಪಕ್ಕದ ಮಳಿಗೆಯವನು

ಮರೆತಿದ್ದೆ: ಮೇಷ್ಟ್ರ ಹೆಂಡತಿ ನಿನ್ನೆ ತಮ್ಮ ಜಿಮ್ಮಿಗೇ ಸೇರಿದ್ದಾರೆ. ಯಾಕಮ್ಮ ಎಂದು ಕೇಳಿದೆ. “ಅವರಿಗೆ ಕೇಳೋದು ಆ ಬಾರ್‌ಬೆಲ್ ಒಂದೇ ತಾನೆ? ಎತ್ತಿ ಹಾಕೋದು ಕಲಿತ್ಕೊಂಡು ಮನೆಗೂ ಒಂದು ತರಿಸ್ತೀನಿ. ಊಟಕ್ಕೆ ಕರೆಯೋಕಾದ್ರೂ ಆಗುತ್ತೆ” ಎಂದರು. ಅವರಿಬ್ಬರೂ ಬಾಡಿಗೆಗಿರುವುದು ತಮ್ಮ ಯಜಮಾನರ ಮನೆಯ ಮೇಲಿನ ಮಹಡಿಯಲ್ಲಿ.