ಜಹೀರನ ನಿರಿಗೆ ತ್ರಿಭುಜ

ಮತ್ತಿಕೆರೆಯ ಟೈಲರ್ ಜಹೀರನಿಗೆ ಬಾಯಿ ಸುಮ್ಮನಿರುವುದಿಲ್ಲ. ಏಳನೇ ಕ್ಲಾಸಿನ ಮಗಳು ಜೋಯಾಳನ್ನು ಗಣಿತದ ಟ್ಯೂಷನ್‌ಗೆ ಹಾಕೋಣವೇ ಎಂದು ಹೆಂಡತಿ ತರನ್ನುಮ್ ಬೆಳಿಗ್ಗೆ ಟೀ ಕೊಡುತ್ತಾ ಕೇಳಿದ್ದೇ ತಡ, "ಊರಿನವರ ಅಳತೆಯೆಲ್ಲ ನನ್ನ ಕೈಯಲ್ಲಿದೆ, ನನ್ನ ಮಗಳಿಗೆ ಟ್ಯೂಷನ್ನಾ? ನಂಗೆ ಬಾರದ ಲೆಕ್ಕ ಬಂದ ದಿನ ಕಳಿಸು, ಬೇಡ ಅನ್ನಲ್ಲ" ಎಂದುಬಿಟ್ಟ.

ಅಂಗಡಿ ಬಾಗಿಲು ತೆಗೆದು ಕೂತಿದ್ದನಷ್ಟೇ, ಜೋಯಾ ಜಾಮಿಟ್ರಿ ಬಾಕ್ಸು ಹಿಡಿದು ಬಂದಳು. "ಅಬ್ಬಾ, ಮೂರು ಬಾಹು. ನಾಲ್ಕು, ಐದು, ಹತ್ತು ಸೆಂಟಿಮೀಟರ್. ತ್ರಿಭುಜ ಬರೀಬೇಕು."

"ಇಷ್ಟೇನಾ?"

ಹತ್ತು ಸೆಂಟಿಮೀಟರಿನ ಗೆರೆ ಎಳೆದ. ಈ ತುದಿಯಿಂದ ನಾಲ್ಕಕ್ಕೆ, ಆ ತುದಿಯಿಂದ ಐದಕ್ಕೆ ಕೈವಾರ ತಿರುಗಿಸಿದ. ಎರಡೂ ಕಂಸಗಳು ಮಾತು ಬಿಟ್ಟ ಓರಗಿತ್ತಿಯರ ಹಾಗೆ ಒಂದರ ಹತ್ತಿರ ಒಂದು ಸುಳಿಯಲಿಲ್ಲ. ಪೆನ್ಸಿಲ್ ಮೊಂಡಾಗಿದೆ ಎಂದು ಕೆತ್ತಿ ಮತ್ತೆ ಎಳೆದ. ಅದೇ ಕತೆ.

"ಯಾಕಬ್ಬಾ ಸೇರ್ತಿಲ್ಲ?" ಜೋಯಾ ಗಲ್ಲಕ್ಕೆ ಕೈಕೊಟ್ಟು ಕೂತಳು. ಯಾಕೆ ಎಂದು ಜಹೀರನಿಗೂ ಈಗ ತಲೆಯಲ್ಲಿ ಹುಳ ಬಿಟ್ಟ ಹಾಗಾಯಿತು.

ಪಕ್ಕದ ಗ್ಯಾರೇಜಿನ ಮುನಿರತ್ನ ಗ್ರೀಸ್ ಕೈ ಒರೆಸಿಕೊಳ್ಳುತ್ತಾ ಬಂದು ಇಣುಕಿದ. "ಕಂಪಾಸ್ ಲೂಸಾಗಿದೆ ಗುರು, ಕೊಡಿಲ್ಲಿ." ಅವನು ಟೈಟ್ ಮಾಡಿದ ಮೇಲೆ ಆ ಕೈವಾರ ಕಾಲು ಅಗಲಿಸುವುದನ್ನೇ ಮರೆಯಿತು.

ಬ್ಲೌಸಿಗೆಂದು ಬಂದಿದ್ದ ಧನಲಕ್ಷ್ಮಿಗೂ ಕುತೂಹಲ. "ಪೊರಕೆ ಕಡ್ಡಿ ಮುರಿದು ಜೋಡಿಸಿ ನೋಡಿ ಜಹೀರಣ್ಣ." ಮುರಿದರು, ಜೋಡಿಸಿದರು. ಎರಡು ಚಿಕ್ಕ ಕಡ್ಡಿಗಳು ದೊಡ್ಡದರ ಮೇಲೆ ಮಲಗಿದವೇ ಹೊರತು ಎದ್ದು ಕೈ ಹಿಡಿಯಲಿಲ್ಲ. ಬಸ್ಸಿಗೆ ನಿಂತವರೂ ಬಂದು ಸೇರಿ, ಕಡ್ಡಿ ವಕ್ರ ಎಂದು ಒಬ್ಬರು, ಪುಸ್ತಕವೇ ತಪ್ಪು ಎಂದು ಇನ್ನೊಬ್ಬರು ವಾದಕ್ಕೆ ನಿಂತರು.

"ಅಬ್ಬಾ, ಬೆಲ್ ಹೊಡೆಯೋ ಟೈಮಾಯ್ತು!"

ಮರ್ಯಾದೆ ಹೋಗುವ ಹೊತ್ತಿಗೆ ಜಹೀರನೊಳಗಿನ ದರ್ಜಿ ಎಚ್ಚರಗೊಂಡ. ಬಟ್ಟೆ ಉದ್ದವಾದರೆ ಏನು ಮಾಡುತ್ತೇವೆ? ಸರಸರನೆ ಮೂರು ಪಟ್ಟಿ ಕತ್ತರಿಸಿದ. ಹತ್ತರ ಪಟ್ಟಿಗೆ ನಾಜೂಕಾಗಿ ನಿರಿಗೆ ಹಿಡಿದು ಮೂರನ್ನೂ ಕೂಡಿಸಿ ಹೊಲಿದ. ತ್ರಿಭುಜ ಬಂತು!

"ಹಿಂಗೆ ಮಾಡ್ಬೋದಾ ಅಬ್ಬಾ?" ಜೋಯಾ ನಿರಿಗೆಯನ್ನು ಬಿಡಿಸಿ ಬಿಡಿಸಿ ನೋಡಿದಳು.

"ಬಿಚ್ಚಿ ಅಳೆದ್ರೆ ಹತ್ತೇ ಇದೆ ಕಣಮ್ಮ. ಅಳತೆ ಒಳಗಡೆ ಇರುತ್ತೆ, ಯಾರಿಗೆ ಕಾಣುತ್ತೆ?"

ಮುನಿರತ್ನ ಚಪ್ಪಾಳೆ ಹೊಡೆದ. ಅವತ್ತು ಪ್ಯಾಂಟು ಗಿಡ್ಡ ಮಾಡಿಸಲು ಬಂದವರಿಗೂ ಜಹೀರ್ ಈ ತ್ರಿಭುಜದ ಕತೆ ಹೇಳದೆ ಬಿಡಲಿಲ್ಲ.

ಸಂಜೆ ತರನ್ನುಮ್ ಬುತ್ತಿ ಡಬ್ಬಿ ತೆಗೆದುಕೊಂಡು ಹೋಗಲು ಬಂದಾಗಲೇ ಜೋಯಾ ಓಡಿ ಬಂದಳು. "ಅಬ್ಬಾ, ಟೀಚರ್ ನಿಮ್ಮ ತ್ರಿಭುಜನ ಇಡೀ ಕ್ಲಾಸಿಗೆ ತೋರಿಸಿದ್ರು!"

ಜಹೀರ್ ಗಡ್ಡ ನೀವಿಕೊಂಡು ಹೆಂಡತಿಯ ಮುಖ ನೋಡಿದ. "ಏನಂದ್ರಮ್ಮಾ?"

"ಈ ಅಳತೇಲಿ ತ್ರಿಭುಜ ಬರೋದೇ ಇಲ್ವಂತೆ. ನಾಲ್ಕೂ ಐದೂ ಸೇರಿದ್ರೂ ಒಂಬತ್ತೇ, ಹತ್ತಕ್ಕೆ ಎಟುಕಲ್ಲ. ಯಾಕೆ ಬರಲ್ಲ ಅಂತ ನಾವೇ ಕಂಡುಹಿಡೀಲಿ ಅಂತ ಬೇಕಂತ್ಲೇ ಕೊಟ್ಟಿದ್ರಂತೆ. ನಿರಿಗೆ ನೋಡಿದ್ದೇ ನಂಗೆ ಹೊಳೀತು, ಎದ್ದು ನಿಂತು ಹೇಳ್ದೆ!"

ಜಹೀರನ ಕೈ ಗಡ್ಡದಲ್ಲೇ ನಿಂತಿತು. ತರನ್ನುಮ್ ನಗು ತಡೆದುಕೊಂಡು, "ಹಾಗಾದ್ರೆ ಟ್ಯೂಷನ್‌ಗೆ ಸೇರಿಸಲೇಬೇಕು ಅಲ್ವಾ?" ಎಂದಳು.

"ನಂಗೇನೂ ಬೇಡ್ವಂತೆ ಅಮ್ಮೀ," ಎಂದಳು ಜೋಯಾ. "ಅಬ್ಬಾನ ಮಾತ್ರ ಭಾನುವಾರದಿಂದ ಕಳಿಸಿ ಅಂದಿದಾರೆ."