ಕೇಕ್ ಮಾಮನ ನಾಲಿಗೆ

ಉಪ್ಪಿನ ಡಬ್ಬವೂ ಸಕ್ಕರೆ ಡಬ್ಬವೂ ಅಕ್ಕಪಕ್ಕದಲ್ಲಿದ್ದವು, ಅಷ್ಟೇ. ಬೇಕರಿಯ ಪಕ್ಕದಂಗಡಿಯ ಟೈಲರ್, ತನ್ನ ಮಗಳ ಹುಟ್ಟುಹಬ್ಬಕ್ಕೆಂದು ಒಯ್ದ ಕೇಕನ್ನು ಬೆಳಿಗ್ಗೆಯೇ ಕತ್ತರಿಸಿದ. ಬಾಯಿಗಿಟ್ಟ ನೆಂಟರೆಲ್ಲ ನುಂಗಲೂ ಆಗದೆ, ಮರ್ಯಾದೆಗೆ ಉಗುಳಲೂ ಆಗದೆ, ಫೋಟೊಗೆ ನಿಂತವರ ಹಾಗೆ ಕೆನ್ನೆ ಉಬ್ಬಿಸಿ ನಿಂತುಬಿಟ್ಟರಂತೆ.

ಬೀದಿಯ ಮಕ್ಕಳು ಕೇಕ್ ಮಾಮ ಎಂದು ಕರೆಯುತ್ತಿದ್ದ ಬೇಕರಿಯವನು ಆ ಕೇಕಿನ ಕೆನೆಯನ್ನು ನೆಕ್ಕಿ ನೋಡಿಯೇ ಕಳಿಸಿದ್ದ. ಆದರೆ ಈಚೆಗೆ ಬಂದಿದ್ದ ಒಂದು ಜ್ವರ, ಹೋಗುವಾಗ ಅವನ ಮೂಗಿನ ವಾಸನೆಯನ್ನೂ ನಾಲಿಗೆಯ ರುಚಿಯನ್ನೂ ಜೊತೆಗೇ ಕರೆದುಕೊಂಡು ಹೋಗಿತ್ತು. ಒಲೆಯೊಳಗೆ ಬ್ರೆಡ್ಡು ಬೆಂದದ್ದನ್ನು ಬೀದಿಯ ಆ ತುದಿಯಲ್ಲಿ ನಿಂತು ಹೇಳುತ್ತಿದ್ದವನಿಗೆ ಈಗ ಬ್ರೆಡ್ಡೂ ಒಂದೇ, ಸ್ಪಂಜೂ ಒಂದೇ. ಮನೆಯವರಿಗಷ್ಟೇ ಗೊತ್ತಿದ್ದ ಗುಟ್ಟು ಒಂದು ಕೇಕಿನಿಂದ ಅಕ್ಷರಶಃ ಬೀದಿಪಾಲಾಯಿತು.

ಮಧ್ಯಾಹ್ನದೊಳಗೆ ಸಲಹೆಗಳು ಬಂದು ಬಿದ್ದವು. ಕ್ಷೌರದಂಗಡಿಯವನು ನಾಲಿಗೆಯನ್ನು ಚೆನ್ನಾಗಿ ಉಜ್ಜಬೇಕೆಂದ, ಬೇಕಾದರೆ ತಾನೇ ಉಜ್ಜಿಕೊಡುವೆನೆಂದ. ಔಷಧಿ ಅಂಗಡಿಯವನು ಮಾತ್ರೆಯ ಹೆಸರು ಹೇಳಿ, ಅದರಿಂದ ಏನೂ ಉಪಯೋಗವಿಲ್ಲವೆಂದೂ ಹೇಳಿದ.

ಕೇಕ್ ಮಾಮನ ಮಗಳು ಮಾತ್ರ ಏಪ್ರನ್ ಕಟ್ಟಿಕೊಂಡು ಒಲೆಯ ಮುಂದೆ ನಿಂತಳು. ನರ್ಸಿಂಗ್ ಕಾಲೇಜಿಗೆ ಸೇರಲು ಅವಳು ಮರುದಿನ ಹೊರಡಬೇಕಿತ್ತು.

"ನಾನು ಹೋಗಲ್ಲಪ್ಪ. ರುಚಿ ನೋಡೋಕೆ ಇಲ್ಲಿ ಒಬ್ಬರಾದ್ರೂ ಬೇಡ್ವಾ?"

ಕೇಕು ಹಾಳಾದದ್ದಕ್ಕಿಂತ, ಆ ಏಪ್ರನ್ನನ್ನು ಅವಳು ಬಿಗಿಯಾಗಿ ಕಟ್ಟಿಕೊಂಡಿದ್ದ ರೀತಿಯೇ ಅವನನ್ನು ಹೆಚ್ಚು ನೋಯಿಸಿತು.

ಉಪಾಯ ಹೊಳೆದದ್ದು ಟೈಲರಿಗೆ. ಪೇಟೆಯಲ್ಲಿ ಹೊಸದಾಗಿ ಕೊರಿಯನ್ ಹೋಟೆಲ್ ತೆರೆದಿದೆ, ಅಲ್ಲಿನ ಖಾರಕ್ಕೆ ಕಲ್ಲಿನ ನಾಲಿಗೆಗೂ ಜೀವ ಬರುತ್ತದೆ ಎಂದ. ಸಂಜೆ ಕೇಕ್ ಮಾಮ, ಅವನ ಹೆಂಡತಿ, ಮಗಳು ಹೊರಟರು. ಉಪ್ಪಿನ ಕೇಕು ತಿಂದ ಹಕ್ಕಿನ ಮೇಲೆ ಟೈಲರೂ ಹೊರಟ.

ಮೇಜಿನ ಮಧ್ಯದಲ್ಲೇ ಒಲೆಯಿದ್ದದ್ದು ನೋಡಿ, ಅಡುಗೆ ನಾವೇ ಮಾಡಿಕೊಳ್ಳುವುದಾದರೆ ಮನೆಯಲ್ಲೇ ಇರಬಹುದಿತ್ತಲ್ಲ ಎಂದಳು ಹೆಂಡತಿ. ತಿನ್ನಲು ಕೊಟ್ಟ ಕಡ್ಡಿಗಳನ್ನು ಟೈಲರ್ ಸ್ವೆಟರ್ ಹೆಣೆಯುವವನ ಹಾಗೆ ಹಿಡಿದ. ಅವನು ಎತ್ತಿದ ಅಣಬೆ ಹಾರಿ ಹೋಗಿ ಹಿಂದಿನ ಮೇಜಿನ ಹೆಂಗಸಿನ ಕೈಚೀಲದೊಳಗೆ ಬಿತ್ತು. ಅವಳಿಗೆ ಗೊತ್ತಾಗಲಿಲ್ಲ, ಇವರು ಹೇಳಲಿಲ್ಲ. ಕಿಮ್ಚಿ ಎಂಬ ಹುಳಿ ಬರಿಸಿದ ಕೋಸು ತಿಂದು ಮಗಳ ಕಿವಿ ಕೆಂಪಾಯಿತು.

ಕೇಕ್ ಮಾಮ ಒದ್ದೆ ರಟ್ಟು ಅಗಿಯುವವನಂತೆ ಎಲ್ಲವನ್ನೂ ಅಗಿದ. ಇನ್ನೂ ಖಾರದ್ದು ತರಿಸಿದರು. ಅದನ್ನೂ ಅಗಿದ. ಅಡುಗೆಮನೆಯಿಂದ ಹೋಟೆಲಿನ ಒಡತಿಯೇ ಹೊರಗೆ ಬಂದು, ಕಣ್ಣು ಪಿಳುಕಿಸದೆ ತಿನ್ನುತ್ತಿದ್ದ ಈ ಮಹಾಶಯನನ್ನು ಗೌರವದಿಂದ ನೋಡಿದಳು. ಛಲಕ್ಕೆ ಬಿದ್ದು ತಾನೂ ತಿಂದ ಟೈಲರ್ ನಾಲಿಗೆ ಹೊರಚಾಚಿ, ಕೈಯಿಂದ ಗಾಳಿ ಹಾಕಿಕೊಂಡು, ಮೇಜು ಗುದ್ದಿ, ಕೊನೆಗೆ ಬಾಯಿಗೆ ಮಂಜುಗಡ್ಡೆ ಇಟ್ಟುಕೊಂಡು ಸುಮ್ಮನಾದ. ಆ ದಿನ ಸಿಕ್ಕ ನೆಮ್ಮದಿ ಅದೊಂದೇ.

ಕೊನೆಯ ತಟ್ಟೆ ಬಂತು. ಕೆಂಡದ ಬಣ್ಣದ ರಸದಲ್ಲಿ ಅಕ್ಕಿಹಿಟ್ಟಿನ ಬೆರಳುದ್ದದ ತುಂಡುಗಳು. ಮಗಳು ತಿನ್ನುವುದನ್ನು ಬಿಟ್ಟು ಅಪ್ಪನ ಬಾಯಿಯನ್ನೇ ನೋಡುತ್ತಿದ್ದಳು. ಒಂದು ತುಂಡು ಬಾಯಿಗಿಟ್ಟ. ಏನೂ ಇಲ್ಲ. ಇನ್ನೊಂದನ್ನಿಟ್ಟ. ಮಗಳ ಮುಖ ಇಳಿಯತೊಡಗಿತು.

ಕೇಕ್ ಮಾಮ ತಟ್ಟನೆ ಕೆಮ್ಮಿದ. ನಾಲಿಗೆ ಹೊರಚಾಚಿದ, ಕೈಯಿಂದ ಗಾಳಿ ಹಾಕಿಕೊಂಡ, ಮೇಜು ಗುದ್ದಿದ. ಟೈಲರ್ ಮಾಡಿದ್ದೊಂದನ್ನೂ ಬಿಡಲಿಲ್ಲ.

"ಉರೀತಿದೆ ಕಣಮ್ಮ. ನೀರು ಕೊಡು."

ಕಣ್ಣೀರು ಮಾತ್ರ ಕರೆಯದೆಯೇ ಬಂತು. ಮಗಳು ಅವನ ಕೊರಳಿಗೆ ಜೋತುಬಿದ್ದು ನಕ್ಕಳು. ಅಕ್ಕಪಕ್ಕದ ಮೇಜಿನವರು ಚಪ್ಪಾಳೆ ತಟ್ಟಿದರು. ನಾಳೆ ಹೊರಡುತ್ತೇನೆಂದು ಗೆಳತಿಗೆ ಹೇಳಲು ಅವಳು ಫೋನು ಹಿಡಿದು ಹೊರಗೆ ಓಡಿದಳು. ಬೀದಿಯವರಿಗೆಲ್ಲ ಫೋನಿನಲ್ಲಿ ಮೆಸೇಜು ಕಳಿಸಲು ಟೈಲರೂ ಹಿಂದೆಯೇ ಹೋದ.

ಗಂಡಹೆಂಡತಿ ಇಬ್ಬರೇ ಉಳಿದಾಗ, ಬಡಿಸುವ ಹುಡುಗಿ ಇನ್ನೊಂದು ತಟ್ಟೆ ಹಿಡಿದು ಬಂದಳು.

"ತಪ್ಪಾಯ್ತು ಸರ್. ಆ ಟೇಬಲ್ಲಿನ ಮಗುವಿನ ಪ್ಲೇಟು ನಿಮಗೆ ಬಂದ್ಬಿಟ್ಟಿದೆ. ಅದಕ್ಕೆ ಖಾರ ಹಾಕೇ ಇಲ್ಲ, ಬರೀ ಟೊಮ್ಯಾಟೊ, ಸಕ್ಕರೆ. ನಿಮ್ಮದು ಇದು."

ಅವನು ತಲೆ ಎತ್ತಲಿಲ್ಲ. ಹೆಂಡತಿ ಅವನ ನೆತ್ತಿಯನ್ನೇ ನೋಡಿದಳು.

"ಇಲ್ಲಿಡಮ್ಮ," ಎಂದು ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡಳು. ಕಡ್ಡಿ ಬದಿಗಿಟ್ಟು, ಕೈಯಿಂದಲೇ ಒಂದಾದ ಮೇಲೊಂದು ತಿನ್ನತೊಡಗಿದಳು. ಅವನು ಬೇಡವೆಂದು ಅವಳ ಮಣಿಕಟ್ಟು ಹಿಡಿದ. ಬಿಡಿಸಿಕೊಂಡಳು.

ಮೊದಲು ಟೈಲರ್ ಬಂದ. ಮರಗಟ್ಟಿದ ನಾಲಿಗೆಯಿಂದ ಮಾತು ಹೊರಡದೆ, ನಾಳೆ ಇನ್ನೊಂದು ಕೇಕು ಬೇಕೆಂದು, ಈ ಸಲ ದೊಡ್ಡದು ಎಂದು, ಎರಡೂ ತೋಳು ಅಗಲಿಸಿ ತೋರಿಸಿದ. ಆಮೇಲೆ ಮಗಳು ಬಂದಳು. ಅಮ್ಮನ ಕಣ್ಣಿಂದ ಧಾರೆಯಾಗಿ ನೀರು ಇಳಿಯುತ್ತಿತ್ತು.

"ಯಾಕಮ್ಮ ಅಳ್ತಿದ್ದೀಯ?"

"ಖಾರ ಕಣೇ," ಎಂದಳು ಅವಳು. "ನಿಮ್ಮಪ್ಪ ಅದು ಹೇಗೆ ತಿಂದ್ರೋ ಏನೋ."